ಸುಖ ಇಲ್ಲದ ಮಗ, ಹುಷಾರಿಲ್ಲದ ಅಳಿಯ

ಎಂಬತ್ತೈದೋ ಎಂಬತ್ತಾರೋ, ನನ್ನ ದೊಡ್ಡ ಮಗ ಶಿವರಾಜನ ಮದುವೆಯಾದ ವರ್ಷ. ನಾವು ಪೊಳ್ಳಾಚಿ ಹತ್ತಿರದ ನೆಗಮಂನಲ್ಲಿ ಸೀರೆ ನೇಯುವವರು. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ಸೊಸೆ ಸಾವಿತ್ರಿಯನ್ನು ಕೊಳ್ಳೇಗಾಲದಿಂದ ತಂದೆವು. ಅವರದೂ ಕನ್ನಡ, ನಮ್ಮದೂ ಕನ್ನಡ, ಇನ್ನೇನು ತೊಂದರೆ ಅಂದುಕೊಂಡಿದ್ದೆ.

ಮದುವೆಯಾಗಿ ವಾರ ಕಳೆದಿರಲಿಲ್ಲ, ಶಿವರಾಜ ಜ್ವರ ಬಂದು ಮಲಗಿದ. ಊರಲ್ಲೆಲ್ಲ ಆಗ ಅದೇ ಜ್ವರ. ಸೊಸೆಗೆ ಇನ್ನೂ ನಾಚಿಕೆ, ನನ್ನ ಹತ್ತಿರ ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ. ಅಂಥ ಹೊತ್ತಲ್ಲಿ ಮಗಳನ್ನು ನೋಡಲು ಅವರಪ್ಪ ದಿಂಬಂ ಘಾಟಿ ಇಳಿದು ಬಂದರು. ಸಾವಿತ್ರಿ ನೀರಿಗೆ ಹೋಗಿದ್ದಳು. ಕಾಫಿ ಕೊಟ್ಟೆ.

"ಅಳಿಯಂದಿರು ಎಲ್ಲಿ ತಾಯಿ?" ಅಂದರು.

"ಒಳಗೆ ಬಿದ್ದಿದ್ದಾನೆ. ಮದುವೆಯಾದಾಗಿಂದ ಅವನಿಗೆ ಸುಖವೇ ಇಲ್ಲ ಬೀಗರೇ."

ಅವರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ನಮ್ಮಿಂದ ಏನಾದರೂ ಲೋಪ ಆಯಿತೇ?"

"ನಿಮ್ಮಿಂದೇನು? ಅವನ ಹಣೆಬರಹ. ಊಟ ಸೇರಲ್ಲ, ಮಾತಾಡಿಸಿದರೆ ಗೋಡೆ ಕಡೆ ತಿರುಗ್ತಾನೆ."

"ನನ್ನ ಮಗಳು?"

"ಪಕ್ಕದಲ್ಲಿ ಕೂತು ಅಳ್ತಾಳೆ, ಪಾಪ. ಈ ಊರಲ್ಲಿ ಈಗ ಮನೆಮನೆಗೂ ಇದೇ. ಎದುರುಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸುಖ ಇಲ್ಲ."

ಮನುಷ್ಯ ಬಿಳಿಚಿಕೊಂಡ. ಸಾವಿತ್ರಿ ಕೊಡ ಹೊತ್ತು ಒಳಗೆ ಬಂದಳೋ ಇಲ್ಲವೋ, "ಬಟ್ಟೆ ಕಟ್ಟಿಕೋ ಮಗಳೇ, ಹೋಗೋಣ. ನಿನ್ನಿಂದ ನಿನ್ನ ಗಂಡನಿಗೆ ಸುಖ ಇಲ್ಲವಂತೆ" ಅಂದರು.

ಅವಳು ಕೊಡ ಇಳಿಸಿ, "ಅಯ್ಯೋ, ಯಾರು ಹೇಳಿದ್ದು? ಅವರಿಗೆ ಹುಷಾರಿಲ್ಲ ಅಪ್ಪ, ಅಷ್ಟೇ" ಅಂದಳು.

"ಹುಷಾರಿಲ್ವಾ? ಅಷ್ಟೇನಾ!" ಬೀಗರು ಎದೆ ನೀವಿಕೊಂಡು ನಗೋಕೆ ಶುರು ಮಾಡಿದರು.

ನನಗೆ ಮೈ ಉರಿದುಹೋಯಿತು. ನಮ್ಮ ಕಡೆ ಉಷಾರು ಅಂದರೆ ಬುದ್ಧಿ ಚುರುಕು. ಉಷಾರಿಲ್ಲದವನು ಅಂದರೆ ಪೆದ್ದ. ನೆಟ್ಟಗೆ ನನ್ನ ಮುಖ ನೋಡದ ಹುಡುಗಿ, ಅಪ್ಪ ಬಂದ ಕೂಡಲೇ ನನ್ನ ಮಗನನ್ನು ಪೆದ್ದ ಅನ್ನುವುದೇ? ಅದಕ್ಕೆ ಅಪ್ಪ ನಗುವುದೇ?

"ಯಾರಿಗೆ ಉಷಾರಿಲ್ಲ? ಎಂಥ ಅಂಚು ಕೊಟ್ಟರೂ ಒಂದು ಸಲ ನೋಡಿ ನೇಯ್ತಾನೆ ನನ್ನ ಮಗ!"

ಅವರು ಸಮಾಧಾನ ಮಾಡಲು ಬಂದರು. "ಇರಲಿ ಬಿಡಿ ತಾಯಿ, ಮನುಷ್ಯ ಅಂದಮೇಲೆ ಎಲ್ಲರಿಗೂ ಬರುತ್ತೆ. ಹೋದ ವರ್ಷ ನನಗೂ ಹುಷಾರಿರಲಿಲ್ಲ."

"ನೀವು ಹೇಳಬೇಕಾ? ನೋಡಿದರೇ ಗೊತ್ತಾಗುತ್ತೆ!"

ಈಗ ಅವರಿಗೂ ರೇಗಿತು. "ಏನು ಮಾತು ಅಂತ ಆಡ್ತೀರಿ?"

"ಪೆದ್ದನ ಜೊತೆ ನಿಮ್ಮ ಮಗಳು ಯಾಕೆ ಬಾಳಬೇಕು? ಕರ್ಕೊಂಡು ಹೊರಡಿ. ಪೊಳ್ಳಾಚಿ ಬಸ್ಸು ಈಗ ಬರುತ್ತೆ."

ಸಾವಿತ್ರಿ ಅಳುತ್ತಾ ಬಟ್ಟೆ ಚೀಲ ತಂದೇಬಿಟ್ಟಳು. ಬೀಗರು ಚಪ್ಪಲಿ ಮೆಟ್ಟಿದರು. ನಾನು ತಡೆಯಲಿಲ್ಲ.

ಅಷ್ಟರಲ್ಲಿ ಕಂಬಳಿ ಹೊದ್ದುಕೊಂಡು ಶಿವರಾಜ ಬಾಗಿಲಿಗೆ ಬಂದು ನಿಂತ. ರೇಷ್ಮೆ ನೂಲು ತರಲು ಕೊಳ್ಳೇಗಾಲಕ್ಕೆ ಹೋಗಿ ಬಂದು ಮಾಡುತ್ತಿದ್ದವನು, ಎರಡು ಊರಿನ ಮಾತೂ ಗೊತ್ತು. ಹಲ್ಲು ಕಟಕಟ ಅನ್ನುತ್ತಿತ್ತು.

"ಮಾವ, ನಮ್ಮೂರಲ್ಲಿ ಸುಖ ಇಲ್ಲ ಅಂದರೆ ಮೈ ಸರಿಯಿಲ್ಲ ಅಂತ. ಅಮ್ಮ, ಅವರೂರಲ್ಲಿ ಹುಷಾರಿಲ್ಲ ಅಂದರೂ ಅದೇ. ನನಗೆ ಜ್ವರ. ಯಾರಾದರೂ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀರೋ, ಇಲ್ಲ ಜಗಳ ಮುಗಿಸಿಕೊಂಡೇ ಬರ್ತೀರೋ?"

ಮೊದಲು ನಕ್ಕವಳು ಸಾವಿತ್ರಿ, ಕಣ್ಣಲ್ಲಿ ನೀರು ಹಾಗೇ ಇತ್ತು. ಬೀಗರು ಚಪ್ಪಲಿ ಬಿಚ್ಚದೆ ಅಳಿಯನ ತೋಳು ಹಿಡಿದರು, ಇನ್ನೊಂದು ತೋಳು ನಾನು ಹಿಡಿದೆ. ಅದೇ ಪೊಳ್ಳಾಚಿ ಬಸ್ಸು ಹತ್ತಿಸಿದೆವು. ಕ್ಷಮಿಸಿ ಅಂತ ನಾನೂ ಅನ್ನಲಿಲ್ಲ, ಅವರೂ ಅನ್ನಲಿಲ್ಲ. ಜ್ವರ ಬಿಟ್ಟಮೇಲೆ ಎಲ್ಲ ಸರಿಹೋಯಿತು.

ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗ್ತೀನಿ. ಆದರೆ ನನ್ನ ಮಗನನ್ನು ಪೆದ್ದ ಅಂದಳು ಅಂತ ಆದ ಉರಿ ಇದೆಯಲ್ಲ, ಅವಳು ಹಾಗೆ ಅನ್ನಲೇ ಇಲ್ಲ ಅಂತ ಗೊತ್ತಿದ್ದರೂ ಅದು ಪೂರ್ತಿ ಆರಿಲ್ಲ. ಇದನ್ನೆಲ್ಲ ಹೇಳುತ್ತಿರುವವಳು ನಾನು, ಬರೆಯುತ್ತಿರುವವಳು ಆ ಸಾವಿತ್ರಿಯೇ. ನನಗೆ ಕನ್ನಡ ಅಕ್ಷರ ಓದಲು ಬರಲ್ಲ. ಈ ಮಾತು ಬರೆದಳೋ ಬಿಟ್ಟಳೋ, ಓದಿದವರೇ ಹೇಳಬೇಕು.