ಜಾಗ ಹಿಡಿದಿಟ್ಟ ಹಂಸ

ಅವ್ವನ ಹಂಸ ನನ್ನ ಕಂಪ್ಯೂಟರಿನಲ್ಲಿ ಇದೆಯೋ ಇಲ್ಲವೋ, ಇವತ್ತಿಗೂ ಸರಿಯಾಗಿ ಹೇಳಲಾರೆ.

ಬನಹಟ್ಟಿಯ ನಮ್ಮ ಮನೆಯ ಮಗ್ಗಕ್ಕೆ, ಸೀರೆಯ ಅಂಚಿಗೆಂದು ಆ ಹಂಸವನ್ನು ಕೂರಿಸಿದವಳು ಅವ್ವನೇ. ಯಾವ ಎಳೆ ಯಾವಾಗ ಏಳಬೇಕೆಂದು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಸಾಲಾಗಿ ಹೊಲಿದಿದ್ದಳು. ಆ ಅಂಚಿನ ಸೀರೆ ಒಂದೂ ಮನೆಯಲ್ಲಿ ಉಳಿದಿಲ್ಲ, ನೇಯ್ದದ್ದೆಲ್ಲ ಮಾರಾಟಕ್ಕೇ ಹೋಯಿತು. ಕಾರ್ಡುಗಳಿಗೆ ಗೆದ್ದಲು ಹಿಡಿದಾಗ, ಜಮಖಂಡಿಯಲ್ಲಿ ಕಂಪ್ಯೂಟರ್ ಪಾಠ ಮಾಡುವ ನಾನು ಮುಂದೆ ಬಂದೆ. ಹೊಸ ಮಗ್ಗಕ್ಕೆ ರಟ್ಟು ಬೇಡ, ಫೈಲ್ ಕೊಟ್ಟರೆ ಸಾಕು. ಕ್ಯಾಮೆರಾದ ಮುಂದೆ ಹಿಡಿದ ಕಾರ್ಡಿನ ತೂತುಗಳನ್ನು ಓದಿ ಬರೆದಿಡುವ ಪ್ರೋಗ್ರಾಮ್ ಮಾಡಿದೆ. ನಮ್ಮ ಹಳೆಯ ಡಿಸ್ಕ್ ಯಾವಾಗಲೂ ತುಂಬಿರುತ್ತದೆ, ಅರ್ಧದಲ್ಲಿ ಕೈಕೊಡಬಾರದು. ಅದಕ್ಕೇ ಬಸ್ಸಿನ ಸೀಟಿಗೆ ಟವೆಲ್ ಎಸೆದಂತೆ, ಮೊದಲೇ ಇಡೀ ಫೈಲಿಗೆ ಜಾಗ ಹಿಡಿದಿಟ್ಟೆ.

ನಡುವೆ ಕರೆಂಟ್ ಹೋಗಿ ಬಂತು. ಪ್ರೋಗ್ರಾಮನ್ನು ಮತ್ತೆ ತೆರೆದು ಉಳಿದ ಕಾರ್ಡುಗಳನ್ನೂ ತೋರಿಸಿದೆವು. ಕೊನೆಗೆ ಫೈಲಿನ ಗಾತ್ರ ನೋಡಿದೆ. ಎಷ್ಟಿರಬೇಕೋ ಅಷ್ಟೇ ಇತ್ತು.

"ಎಲ್ಲಾ ಬಂತೇನ?" ಅಂದಳು ಅವ್ವ.

"ಎಲ್ಲಾ ಬಂತ ಬೇ," ಅಂದೆ.

ಉದುರುತ್ತಿದ್ದ ರಟ್ಟನ್ನೆಲ್ಲ ಅವಳು ನಿಶ್ಚಿಂತೆಯಿಂದ ಬಚ್ಚಲ ಒಲೆಗೆ ಹಾಕಿದಳು.

ಹೊಸ ಮಗ್ಗದಲ್ಲಿ ನೇಯ್ದಾಗ ಬಾಲ ಬಂತು, ರೆಕ್ಕೆ ಬಂತು, ಮುಂದೆ ಬರೀ ಬಟ್ಟೆ. ಪ್ರತಿ ಹಂಸವೂ ಅಲ್ಲಿಗೇ ನಿಂತಿತ್ತು. ಫೈಲ್ ಬಿಚ್ಚಿ ನೋಡಿದರೆ ಅರ್ಧದಿಂದಾಚೆ ಸೊನ್ನೆಗಳೇ, ಒಂದು ತೂತಿನ ಗುರುತೂ ಇಲ್ಲ. ಕರೆಂಟ್ ಬಂದ ಮೇಲೆ ಒಂದು ಕಾರ್ಡೂ ಒಳಗೆ ಇಳಿದಿರಲಿಲ್ಲ. ಗಾತ್ರವೇನೋ ಮೊದಲ ಕಾರ್ಡಿಗೂ ಮುಂಚೆಯೇ ಪೂರ್ತಿ ಇತ್ತು. ಹಿಡಿದ ಜಾಗವನ್ನೇ ನಾನು ತುಂಬಿದ ಜಾಗ ಅಂದುಕೊಂಡಿದ್ದೆ. ಗಾತ್ರ ನೋಡಿ ನಂಬಬಾರದೆಂದು ಪಾಠದಲ್ಲಿ ನಾನೇ ಹೇಳಿಕೊಡುತ್ತೇನೆ. ತಲೆ ಕೆಟ್ಟು ಹೋಯಿತು.

"ಅಳಿಸಿಬಿಡ್ತೇನಿ," ಅಂದೆ.

"ಬ್ಯಾಡ. ಜಾಗಾ ಹಿಡದೀಯಲ್ಲ, ಇರ್ಲಿ. ನೆನಪಾದಂಗ ಹೇಳ್ತೇನಿ," ಅಂದಳು ಅವ್ವ.

ಈಗ ರೊಟ್ಟಿ ಬಡಿಯುತ್ತಿದ್ದವಳು ಥಟ್ಟನೆ ನಿಲ್ಲಿಸುತ್ತಾಳೆ. "ಕುತ್ತಿಗಿ ಹತ್ರ ಎರಡ ಎಳಿ ಏಳ್ತಾವ. ಬರಕೋ." ಬರೆದುಕೊಳ್ಳುತ್ತೇನೆ. ಮರುದಿನ ಮೂರು ಅನ್ನುತ್ತಾಳೆ. ಹಳೆಯ ಹಂಸ ಯಾವುದು, ಈಗ ಕಟ್ಟುತ್ತಿರುವುದು ಯಾವುದು, ನನಗೆ ತಿಳಿಯುವುದಿಲ್ಲ. ಅವಳಿಗೂ ತಿಳಿಯುತ್ತಿಲ್ಲವೇನೋ ಎಂದು ಭಯವಾಗುತ್ತದೆ.

ಮೊನ್ನೆ ಕೊಕ್ಕಿನ ತನಕ ಬಂದೆವು. ಪೂರ್ತಿ ಹಂಸವನ್ನು ಪರದೆಯ ಮೇಲೆ ತೋರಿಸಿ, "ಅದ ಹಂಸ ಹೌದಲ್ಲೇನ ಬೇ ಇದು?" ಎಂದು ಕೇಳಿದೆ.

ಅವ್ವ ಪರದೆಯ ಹತ್ತಿರ ಬಗ್ಗಿ ಕುತ್ತಿಗೆಯಿಂದ ಕೊಕ್ಕಿನ ತನಕ ಬೆರಳಾಡಿಸಿದಳು.

"ಅದನ್ನ ನೀ ಹೇಳಬೇಕ," ಅಂದಳು. "ಎಲ್ಲಾ ಬಂತಂದಾಕಿ ನೀನ ಅಲ್ಲೇನ?"