ತಮ್ಮನ ವಸಡು ಬೆಳೆದ ವರ್ಷ

ಕಳೆದ ಆಷಾಢದ ಒಂದು ಸೋಮವಾರ, ಬೆಳಗ್ಗೆ ಎಂಟು ಗಂಟೆ. ಶಿವಪುರದ ಮನೆಯ ಹಜಾರದಲ್ಲಿದ್ದವರು ಮೂವರು: ನಾನು, ನನ್ನ ತಮ್ಮ ಪುಟ್ಟಸ್ವಾಮಿ, ಅವನ ಹೆಂಡತಿ ಜಯಮ್ಮ. ಮಾತ್ರೆ ನುಂಗಲು ಅವನು ಬಾಯಿ ತೆರೆದಾಗ ಮುಂದಿನ ಹಲ್ಲುಗಳು ಗಿಡ್ಡವಾಗಿ ಕಂಡವು. ಹಲ್ಲು ಗಿಡ್ಡವಾಗಿರಲಿಲ್ಲ. ವಸಡು ಅವುಗಳ ಮೇಲೆ ಇಳಿದಿತ್ತು.

"ಲೇ, ಇನ್ನೊಂದ್ಸಲ ಬಾಯಿ ತೆಗಿ."

"ಬೆಳಿಗ್ಗೇನೇ ಸುರು ಅಚ್ಕಂಡ್ಯಾ, ವಾರ್ಡನ್ನಮ್ಮ," ಎಂದ. ಆದರೂ ತೆಗೆದ.

ನಾನು ಮಳವಳ್ಳಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ಐದಕ್ಕೆ ಬೆಲ್, ಐದೂವರೆಗೆ ಹಲ್ಲುಜ್ಜುವ ಸಾಲು. ನಿವೃತ್ತಿಯಾದ ವರ್ಷವೇ ತಮ್ಮನ ಎರಡೂ ಕಿಡ್ನಿ ಕೆಟ್ಟವು. ನನ್ನದೊಂದನ್ನು ಕೊಟ್ಟೆ. ಈ ವಯಸ್ಸಿನ ಹೆಂಗಸಿಗೆ ಇಷ್ಟು ಚೆನ್ನಾದ ರಿಪೋರ್ಟು ಅಪರೂಪ ಎಂದು ಮೈಸೂರಿನ ಕಿಡ್ನಿ ಡಾಕ್ಟರು ಹೇಳಿದ್ದರು. ಆ ಮಾತನ್ನು ನಾನು ಮರೆತಿಲ್ಲ. ಅಂದಿನಿಂದ ತಮ್ಮನ ಮನೆಯಲ್ಲೇ ಇದ್ದೇನೆ. ಕೊಟ್ಟ ಕಿಡ್ನಿಯನ್ನು ಅವನ ದೇಹ ಹೊರಗಿನದೆಂದು ತಳ್ಳಿಹಾಕದಂತೆ ಸೈಕ್ಲೋಸ್ಪೋರಿನ್ ಎಂಬ ಕ್ಯಾಪ್ಸೂಲ್ ನುಂಗಬೇಕು, ಬೆಳಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ಆಮೇಲೆ ಬಿಪಿ ಏರಿತೆಂದು ಅಮ್ಲೋಡಿಪಿನ್ ಕೂಡ ಸೇರಿತು.

ವಸಡು ಊದಿದ್ದು ಕೊಳೆಯಿಂದ ಎಂದು ನಾವು ತಿಳಿದೆವು. ಹೊಸ ಬ್ರಷ್ ತಂದೆ. ಉಪ್ಪುನೀರು ಮುಕ್ಕಳಿಸಿದ್ದಾಯಿತು. ವಸಡು ಮಾತ್ರ ಬೆಳೆಯುತ್ತಲೇ ಹೋಯಿತು. ಹಲ್ಲುಗಳ ಸಂದಿನಲ್ಲಿ ಕೆಂಪು ಗಂಟುಗಳು. ಮುಟ್ಟಿದರೆ ರಕ್ತ. ಮುದ್ದೆ ಹೇಗಿದ್ದರೂ ನುಂಗುವಂಥದ್ದು, ಊಟಕ್ಕೆ ಅಷ್ಟು ತೊಂದರೆಯಾಗಲಿಲ್ಲ. ಕಷ್ಟವಾದದ್ದು ಮಾತು.

ಮಾತೇ ಅವನ ಕೆಲಸ. ಮದ್ದೂರಿನ ಎಳನೀರು ಮಂಡಿಯೊಂದರಲ್ಲಿ ಅವನು ರಾಶಿಗಳ ಬೆಲೆ ಕೂಗುವವನು. ಸೋಂಕು ತಗಲದಂತೆ ಹಾಕಿಕೊಳ್ಳುತ್ತಿದ್ದ ಮಾಸ್ಕ್ ಇಳಿಸಿ ಕೂಗಿದರೆ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದವು.

"ಏನ್ ಪುಟ್ಸಾಮಿ, ಬಾಯ್ತುಂಬ ಕಡ್ಲೆಪುರಿ ಮಡಿಕ್ಕಂಡು ಕೂಗ್ತಿದ್ದೀಯಾ?" ಎಂದು ಹಮಾಲಿಗಳು ನಗುತ್ತಿದ್ದರಂತೆ. ಒಂದು ದಿನ ಮಂಡಿಯ ಯಜಮಾನರು ಬೇರೊಬ್ಬನಿಂದ ಕೂಗಿಸಿದರು. ಅಂದು ಮನೆಗೆ ಬಂದವನು ಮಾಸ್ಕ್ ತೆಗೆಯದೆ ಗೋಡೆಗೆ ಮುಖ ಮಾಡಿ ಮಲಗಿದ.

ಮಂಡಿಯವರಿಗೆ ಕಿಡ್ನಿಯ ವಿಷಯ ಗೊತ್ತಿರಲಿಲ್ಲ. ಹರ್ನಿಯಾ ಆಪರೇಷನ್ ಎಂದು ಹೇಳಿದ್ದ. ಅಕ್ಕನ ಕಿಡ್ನಿ ಪಡೆದು ಬದುಕಿದವನು ಅನ್ನಿಸಿಕೊಳ್ಳಲು ಅವನಿಗೆ ನಾಚಿಕೆ. ಅದು ನನಗೆ ಒಳಗೆ ಚುಚ್ಚುತ್ತಿತ್ತು.

ಮಂಡ್ಯದಲ್ಲಿ ವಸಡಿನ ಡಾಕ್ಟರನ್ನು ಕಂಡೆವು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬ್ರಷ್ ವಿಷಯ ಕೇಳುವ ಮೊದಲು ಮಾತ್ರೆಗಳ ಹೆಸರು ಕೇಳಿದರು. ಹೇಳಿದೆ.

"ಇದು ಬರೀ ಕೊಳೆಯಿಂದ ಬಂದಿದ್ದಲ್ಲಮ್ಮ. ಈ ಎರಡು ಮಾತ್ರೆಗೂ ವಸಡು ಬೆಳೆಸೋ ಗುಣ ಇದೆ. ಎರಡೂ ಸೇರಿದಾಗ ಇನ್ನೂ ಜಾಸ್ತಿ. ಆದ್ರೆ ನೀವಾಗಿ ನಿಲ್ಲಿಸಬಾರದು."

ತಮ್ಮ ನೆಲ ನೋಡಿದ.

"ರಾತ್ರಿದು ಬುಟ್ಟು ಒಂದ್ವಾರಾಯ್ತು."

ರಾತ್ರಿಯ ಕ್ಯಾಪ್ಸೂಲನ್ನು ಅವನ ಕೈಗೆ ಕೊಡುತ್ತಿದ್ದವಳು ನಾನೇ. ದವಡೆಯಲ್ಲಿ ಒತ್ತಿಟ್ಟು, ನೀರು ಕುಡಿದು, ಹಿತ್ತಲಿಗೆ ಹೋಗಿ ಉಗಿಯುತ್ತಿದ್ದನಂತೆ. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, ಊತಕ್ಕೆ ಅದೇ ಕಾರಣ ಎಂದು ತಿಳಿದುಕೊಂಡಿದ್ದ. ಕಾರಣ ಸರಿಯಾಗಿಯೇ ಇತ್ತು. ಮಾಡಿದ ಕೆಲಸ ಪ್ರಾಣಕ್ಕೆ ಕುತ್ತು ತರುವಂಥದ್ದು. ನನ್ನ ಕೈ ತಾನಾಗಿ ಎಡ ಪಕ್ಕೆಯ ಗಾಯದ ಗೆರೆಯ ಮೇಲೆ ಹೋಯಿತು.

"ಅದೇನ್ ನಿನ್ ಸ್ವಂತದ್ದು ಅಂದ್ಕಂಡಿದ್ದೀಯೇನ್ಲಾ?"

"ಸ್ವಂತದ್ದಲ್ಲ ಅಂತ ದಿವ್ಸಕ್ಕೆ ಎಲ್ಡು ಸಲ ಗ್ಯಾಪಿಸ್ತೀಯಲ್ಲ. ಬಾಯೇ ಓದ್ಮೇಲೆ ಕಿಡ್ನಿ ಮಡಿಕ್ಕಂಡು ಏನ್ ಮಾಡ್ಲಿ ಕಣಕ್ಕ?"

ಕೊಟ್ಟದ್ದು ಉಳಿಯಲಿ ಎಂದು ಮಾತ್ರ ನಾನು ಯೋಚಿಸಿದ್ದೆ. ಉಳಿದ ಮೇಲೆ ಆ ಮನುಷ್ಯ ನಾಲ್ಕು ಜನರ ನಡುವೆ ನಿಂತು ಬಾಯಿ ತೆರೆಯಬೇಕು ಎನ್ನುವುದೂ ಚಿಕಿತ್ಸೆಯ ಭಾಗವೇ ಎಂದು ಆ ಡಾಕ್ಟರ ಕೋಣೆಯಲ್ಲಿ ಕುಳಿತಾಗ ಹೊಳೆಯಿತು.

ವಸಡಿನ ಡಾಕ್ಟರು ಅಲ್ಲಿಂದಲೇ ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿದರು. ಸಂಜೆಯೊಳಗೆ ಮೈಸೂರಿನಲ್ಲಿದ್ದೆವು. ರಕ್ತ ತೆಗೆದರು.

ಕಿಡ್ನಿ ಸೋತರೆ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರಿತ್ತು.

ಅಡ್ಮಿಟ್ ಮಾಡಿ ಇಂಜೆಕ್ಷನ್ ಶುರು ಮಾಡಿದರು. ಜಯಮ್ಮ ಅಳುತ್ತಿದ್ದಳು. ನಾನು ಅಳಲಿಲ್ಲ. ಐದಕ್ಕೆ ಎದ್ದೆ, ಸ್ನಾನ ಮಾಡಿದೆ, ರಿಪೋರ್ಟು ಬರುವ ಹೊತ್ತಿಗೆ ಕೌಂಟರಿನ ಮುಂದೆ ಮೊದಲಿಗಳಾಗಿ ನಿಂತೆ. ಮೊದಲೆರಡು ರಿಪೋರ್ಟು ಹಾಗೆಯೇ ಇದ್ದವು. ಮೂರನೆಯದರಲ್ಲಿ ಇಳಿಯಿತು. ಆಮೇಲೆ ಇಳಿಯುತ್ತಲೇ ಬಂತು. ನನ್ನ ಕಿಡ್ನಿಯೂ ಗಟ್ಟಿ ಜೀವವೇ ಇರಬೇಕು.

ಡಿಸ್ಚಾರ್ಜಿಗೆ ಮೊದಲು ಡಾಕ್ಟರು ಸೈಕ್ಲೋಸ್ಪೋರಿನ್ ತೆಗೆದು ಅದೇ ಕೆಲಸ ಮಾಡುವ ಟ್ಯಾಕ್ರೋಲಿಮಸ್ ಬರೆದರು. ಬಿಪಿಗೂ ಬೇರೆ ಗುಂಪಿನ ಮಾತ್ರೆ. ಹೊಸದರಿಂದ ಸಕ್ಕರೆ ಏರಬಹುದು, ರಕ್ತ ಪರೀಕ್ಷೆ ತಪ್ಪಿಸಬೇಡಿ ಎಂದರು. ತಪ್ಪಿಸಿಲ್ಲ. ತಿಂಗಳುಗಳು ಕಳೆದಂತೆ ವಸಡು ಅರ್ಧಕ್ಕರ್ಧ ತಾನಾಗಿಯೇ ಕುಗ್ಗಿತು. ಉಳಿದದ್ದನ್ನು ಮಂಡ್ಯದಲ್ಲಿ ಲೇಸರ್‌ನಿಂದ ಕತ್ತರಿಸಿದರು.

ಕತ್ತರಿಸುವ ಮುನ್ನ ವಸಡಿನ ಡಾಕ್ಟರು ಒಂದು ಮಾತು ಕೇಳಿದರು. ಒಂದೇ ಮಾತ್ರೆ ನುಂಗುವವರಲ್ಲಿ ಕೆಲವರಿಗೆ ಮಾತ್ರ ವಸಡು ಬೆಳೆಯುವುದು ಏಕೆ ಎಂಬುದು ಇನ್ನೂ ಪೂರ್ತಿ ತಿಳಿದಿಲ್ಲವಂತೆ. ಮೊದಲೆಲ್ಲ ಡಾಕ್ಟರುಗಳು ಹೇಗೆ ಕತ್ತರಿಸುವುದು ಎಂದಷ್ಟೇ ಓದುತ್ತಿದ್ದರು. ಈಗ ಯಾರಿಗೆ ಬರಬಹುದು, ಯಾವ ಮಾತ್ರೆ ಬದಲಿಸಿದರೆ ತಡೆಯಬಹುದು ಎಂದು ಹುಡುಕುತ್ತಿದ್ದಾರೆ. ಕತ್ತರಿಸಿದ ಚೂರನ್ನು ಕಾಲೇಜಿನ ಲ್ಯಾಬಿಗೆ ಸಂಶೋಧನೆಗೆ ಕೊಡುತ್ತೀರಾ ಎಂದರು. ಹೆಸರು ಎಲ್ಲೂ ಬರುವುದಿಲ್ಲ.

"ನಾನು ಏಳ್ನೇ ಕ್ಲಾಸ್ಗೇ ಇಸ್ಕೂಲ್ ಬುಟ್ಟೋನು," ಎಂದ ತಮ್ಮ. "ನನ್ ವಸಡಾದ್ರೂ ಕಾಲೇಜ್ ಸೇರ್ಲಿ, ತಕಳಿ."

ಡಾಕ್ಟರು ನಕ್ಕರು. ನಾನೂ ನಕ್ಕೆ. ಜ್ವರದ ಮನೆಯಂತಿದ್ದ ನಮ್ಮ ಮನೆಯಲ್ಲಿ ಆ ಮಾತು ವಾರವಿಡೀ ಓಡಾಡಿತು.

ಮತ್ತೆ ಬೆಳೆಯುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ. ಮೂರು ತಿಂಗಳಿಗೊಮ್ಮೆ ತೋರಿಸಬೇಕು. ತೋರಿಸುತ್ತೇವೆ.

ಹೋದ ಗುರುವಾರ ಅವನು ಮಂಡಿಗೆ ಮರಳಿದ. ನಾನೂ ಜೊತೆಗೆ ಹೋದೆ. ದೂರದಲ್ಲಿ, ಲಾರಿಗಳ ಪಕ್ಕ ನಿಂತೆ. ರಾಶಿಯ ಮುಂದೆ ಮಾಸ್ಕ್ ಇಳಿಸಿ ಅವನು ಮೊದಲ ಬೆಲೆ ಕೂಗಿದ.

"ಏನ್ಲಾ ಪುಟ್ಸಾಮಿ, ಅಲ್ಲು ವಾಪಸ್ ಬಂದವೆ," ಎಂದ ಒಬ್ಬ ಹಮಾಲಿ. "ಯಾರ್ಲಾ ಮಾಡಿದ್ದು?"

"ಅಲ್ಲು ಮಂಡ್ಯದ ಡಾಕ್ಟ್ರಮ್ಮ ಮಾಡಿದ್ದು." ಆಮೇಲೆ ಬೆಲೆ ಕೂಗುವ ಅದೇ ದನಿಯಲ್ಲಿ ಹೇಳಿದ: "ಅವತ್ತು ಅರ್ನಿಯಾ ಅಂದಿದ್ದು ಸುಳ್ಳು ಕಣ್ಲಾ. ಕಿಡ್ನಿ ಓಗಿತ್ತು. ಕೊಟ್ಟೋಳು ನಮ್ಮಕ್ಕ. ಅಗೋ, ಲಾರಿ ತಾವ ನಿಂತವ್ಳೆ."

ಎಲ್ಲರೂ ತಿರುಗಿ ನೋಡಿದರು. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತೆ.

"ನೋಡಿದ್ದಾಯ್ತಾ? ಇತ್ಲಾಗ್ ತಿರೀಕಳಿ, ಇನ್ನೂ ರಾಸಿ ಅವೆ," ಎಂದು ಅವನು ಕೆಲಸಕ್ಕೆ ಮರಳಿದ.

ಹನ್ನೊಂದರ ಹೊತ್ತಿಗೆ ಕೊನೆಯ ರಾಶಿಯ ಬೆಲೆ ಕೂಗಿ ಮುಗಿಸಿದ. ನಾನು ನಿಂತಿದ್ದ ಜಾಗಕ್ಕೆ ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು.