ಅಕ್ಕನ ಕಾದಂಬರಿಯ ಮನೆ

ಕಳೆದ ಭಾನುವಾರ ಕೊಚ್ಚಿಯ ಮಟ್ಟಂಚೇರಿಯ ಓಣಿಯಲ್ಲಿ ಹೋಗುತ್ತಿದ್ದಾಗ ಚುಟ್ಟಾದ ಹೊಗೆ ಮೂಗಿಗೆ ಬಡಿಯಿತು. ಕಾಪ್ಪಿರಿ ಮುತ್ತಪ್ಪನ ಗೋಡೆ. ಪೋರ್ಚುಗೀಸರು ಆಫ್ರಿಕಾದಿಂದ ಹಡಗಿನಲ್ಲಿ ತಂದು, ತಾವು ಓಡಿಹೋಗುವಾಗ ನಿಧಿಯ ಕಾವಲಿಗೆಂದು ಕೊಂದು ಗೋಡೆಯೊಳಗೆ ಹೂತ ಗುಲಾಮನಂತೆ ಅವನು. ಇಲ್ಲಿನವರು ಅವನಿಗೆ ಕಳ್ಳು, ಚುಟ್ಟಾ ಇಟ್ಟು ಹರಕೆ ಹೇಳಿಕೊಳ್ಳುತ್ತಾರೆ. ನನಗೆ ಆ ಗೋಡೆಯನ್ನು ಮೊದಲು ತೋರಿಸಿದ್ದು ಅಕ್ಕ...

ಅಕ್ಕ ಒಡಹುಟ್ಟಿದವಳಲ್ಲ. ಕಾಸರಗೋಡಿನಿಂದ ಕೆಲಸಕ್ಕೆಂದು ಕೊಚ್ಚಿಗೆ ಬಂದ ನನಗೆ ಹಾಸ್ಟೆಲಿನಲ್ಲಿ ಕೋಣೆ ಹಂಚಿಕೊಂಡವಳು. ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸು. ಅವಳ ಹಿರಿಯರೂ ಎಂದೋ ಅಂಥದೇ ಹಡಗಿನಲ್ಲಿ ಬಂದವರು. ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕಚೇರಿಯಲ್ಲಿ ನೌಕರಿ. ಗುಂಗುರು ಕೂದಲು, ಕಡುಕಪ್ಪು ಮೈ, ಬಾಯಿ ತೆರೆದರೆ ನನಗಿಂತ ಚೆಂದದ ಕನ್ನಡ. ಗಂಡ ತೀರಿಕೊಂಡಿದ್ದ, ಮಗಳು ಊರಿನಲ್ಲಿ ಅಜ್ಜಿಯ ಹತ್ತಿರ. ಒಂದು ಬಾಡಿಗೆ ಮನೆ ಹಿಡಿದು ಮಗಳನ್ನು ಕರೆಸಿಕೊಳ್ಳಬೇಕು, ಅಷ್ಟೇ ಅವಳ ಆಸೆ.

ಮನೆ ಸಿಗಲಿಲ್ಲ. ಹುಡುಕುವಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಫೋನಿನಲ್ಲಿ ಬನ್ನಿ ಬನ್ನಿ ಎಂದವರು ಗೇಟಿನಲ್ಲಿ ಅವಳ ಮುಖ ಕಂಡೊಡನೆ ಪಾಸ್‌ಪೋರ್ಟ್ ಕೇಳುತ್ತಿದ್ದರು. ಅವಳು ಆಧಾರ್ ಕಾರ್ಡ್ ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡಿ, "ಚೇಚೀ, ಇವರು ನಿಜವಾಗಿ ಯಾವ ದೇಶದವರು?" ಎಂದು ನನ್ನನ್ನು ಕೇಳುತ್ತಿದ್ದರು. ಹಾಗೊಂದು ಸಂಜೆ ಮುತ್ತಪ್ಪನ ಗೋಡೆಯ ಮುಂದೆ ಸಾಲಾಗಿ ಉರಿಯುತ್ತಿದ್ದ ಮೇಣದಬತ್ತಿಗಳನ್ನು ನೋಡಿ ಅಕ್ಕ ಅಂದಳು:

"ನೋಡು ತಂಗಿ, ಗೋಡೆ ಒಳಗಿದ್ರೆ ನಮಗೆ ಕೈ ಮುಗೀತಾರೆ. ಬಾಗಿಲಿಗೆ ಬಂದ್ರೆ ಪಾಸ್‌ಪೋರ್ಟ್ ಕೇಳ್ತಾರೆ."

ಆ ಸಂಕಟವನ್ನೆಲ್ಲ ಅವಳು ಒಂದು ಐತಿಹಾಸಿಕ ಕಾದಂಬರಿಗೆ ಸುರಿದಳು. ಗುಲಾಮಗಿರಿಯಿಂದ ತಪ್ಪಿಸಿಕೊಂಡ ತಾಯಿಯೊಬ್ಬಳು ಮಗಳ ಕೈ ಹಿಡಿದು ಕೊಚ್ಚಿಯಲ್ಲಿ ಸೂರು ಹುಡುಕುವ ಕಥೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ: ನಿನ್ನ ಒಡೆಯ ಯಾರು, ಚೀಟಿ ಎಲ್ಲಿ? ಕನ್ನಡ ಸಂಘದಲ್ಲಿ ಒಂದು ಅಧ್ಯಾಯ ಓದಿದಾಗ ಹಿರಿಯರೊಬ್ಬರು, "ಎಂಥ ಕಲ್ಪನೆ ಅಮ್ಮಾ! ಸದ್ಯ, ನಾವು ಆ ಕಾಲದಲ್ಲಿ ಹುಟ್ಟಲಿಲ್ಲ" ಎಂದು ಮನಸಾರೆ ಹೊಗಳಿದರು. ಹಿಂದಿನ ದಿನವಷ್ಟೇ ಆಲುವದಲ್ಲಿ ಒಂದು ಮನೆ ಕೈತಪ್ಪಿತ್ತು. ಅಕ್ಕ ನಕ್ಕು, ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡಳು.

ಕೊನೆಯ ಅಧ್ಯಾಯದಲ್ಲಿ ಆ ತಾಯಿಗೆ ಮನೆ ಸಿಗುತ್ತದೆ. ಇದನ್ನು ಯಾರೂ ನಂಬುವುದಿಲ್ಲ ಎಂದೆ.

"ನಂಬದಿದ್ರೆ ಬಿಡ್ಲಿ. ಅಲ್ಲಾದ್ರೂ ಸಿಗ್ಲಿ ಮಾರಾಯ್ತಿ..."

ಮುಂದೆ ಅಕ್ಕನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲೂ ಹಾಸ್ಟೆಲೇ. ಒಂದು ಮಳೆಗಾಲ ಜ್ವರ ಬಂದು, ಊರಿನವರು ಬರುವಷ್ಟರಲ್ಲಿ ಹೋಗಿಬಿಟ್ಟಳು. ತಾಯಿ ಮಗಳು ಒಂದೇ ಸೂರಿನಡಿ ಇದ್ದದ್ದು ರಜೆಯ ದಿನಗಳಲ್ಲಿ ಮಾತ್ರ.

ಆ ಮಗಳಿಗೆ ಈಗ ಕೊಚ್ಚಿಯಲ್ಲೇ ಕೆಲಸ ಸಿಕ್ಕಿದೆ. ಭಾನುವಾರ ನಾವಿಬ್ಬರೂ ಮಟ್ಟಂಚೇರಿಗೆ ಹೋದದ್ದು ಅವಳಿಗೊಂದು ಬಾಡಿಗೆ ಮನೆ ನೋಡಲು. ಗೇಟು ತೆರೆದವರು ಅವಳನ್ನು ನೋಡಿದರು, ನನ್ನ ಕಡೆ ತಿರುಗಿದರು, ಪಾಸ್‌ಪೋರ್ಟ್ ಇದೆಯಾ ಎಂದು ಕೇಳಿದರು.

ವಾಪಸು ಬರುವಾಗ ಬೋಟು ಜೆಟ್ಟಿಯಲ್ಲಿ ಅವಳು ಮೆಲ್ಲಗೆ, "ಚಿಕ್ಕಮ್ಮಾ, ಅಮ್ಮನ ಕಾದಂಬರೀಲಿ ಇದೆಲ್ಲ ಇತ್ತು. ನಾ ಹಳೇ ಕಾಲದ್ದು ಅಂದ್ಕೊಂಡು ಓದಿದ್ದೆ" ಅಂದಳು.

ಅಕ್ಕ ಇದ್ದಿದ್ದರೆ ಅವಳಿಗೆ ಏನಾದರೂ ಹೇಳುತ್ತಿದ್ದಳು. ನಾನು ಫೋನು ತೆಗೆದು ಇನ್ನೊಂದು ಮನೆಯವರ ನಂಬರು ಒತ್ತಿದೆ.